ಕಪ್ಪು ಅಡೋಬೊ, ಬಿಳಿ ಅಡೋಬೊ: ಒಂದೇ ದಿನ ಎರಡು ಪಾತ್ರೆ

ಅಡೋಬೊ ಎಂದರೆ ವಿನೆಗರ್, ಬೆಳ್ಳುಳ್ಳಿ ಹಾಕಿ ಮಾಂಸ ಬೇಯಿಸುವ ಫಿಲಿಪ್ಪೀನ್ಸ್‌ನ ಅಡುಗೆ. ಮನಿಲಾಕ್ಕೆ ಬಂದ ಹೊಸತರಲ್ಲಿ ನಾನು ತಿಂದ ಹಂದಿ ಅಡೋಬೊಗಳೆಲ್ಲ ಸೋಯಾ ಸಾಸಿನಿಂದ ಕಪ್ಪಗಿದ್ದವು. ಆ ಬಣ್ಣವಿಲ್ಲದೆ ಅಡೋಬೊ ಇಲ್ಲವೆಂದೇ ನಂಬಿದ್ದೆ. ಕೆಳಗಿನ ಮನೆಯ ಹಿರಿಯಾಕೆಯನ್ನು ಇಲ್ಲಿಯ ರೂಢಿಯಂತೆ 'ಆತೆ', ಅಂದರೆ ಅಕ್ಕ, ಎಂದು ಕರೆಯುತ್ತೇನೆ. ಅವರು ಒಂದು ಸಂಜೆ ತಂದುಕೊಟ್ಟ ಬಟ್ಟಲಿನಲ್ಲಿ ಮಾಂಸ ತಿಳಿಗಂದು ಬಣ್ಣದ್ದಾಗಿತ್ತು, ಮೇಲೆ ತಿಳಿಯಾದ ನೆಣ ತೇಲುತ್ತಿತ್ತು. ಅಡೋಬೊಂಗ್ ಪುತಿ, ಬಿಳಿ ಅಡೋಬೊ. ಸೋಯಾ ಸಾಸ್ ಇಲ್ಲ, ಉಪ್ಪು ಮಾತ್ರ.

ಅದೇ ವಾರ ಎರಡು ಕಿಲೋ ಲಿಯೆಂಪೊ, ಅಂದರೆ ಹಂದಿಯ ಹೊಟ್ಟೆಭಾಗದ ಮಾಂಸ, ತಂದು ಎರಡು ಪಾತ್ರೆಗಳಿಗೆ ಸಮವಾಗಿ ಹಾಕಿದೆ. ಎರಡಕ್ಕೂ ಒಂದೊಂದು ಗಡ್ಡೆ ಬೆಳ್ಳುಳ್ಳಿ, ಒಂದು ಚಮಚ ಇಡೀ ಕಾಳುಮೆಣಸು, ಮೂರು ಲಾರೆಲ್ ಎಲೆ, ಅರ್ಧ ಕಪ್ ವಿನೆಗರ್, ಒಂದೂವರೆ ಕಪ್ ನೀರು. (ನಮ್ಮ ಪಲಾವ್ ಎಲೆ ಬೇರೆ ಮರದ್ದು, ಅದರ ಘಮ ಇಲ್ಲಿ ಹೊಂದುವುದಿಲ್ಲ.) ಒಂದಕ್ಕೆ ಅರ್ಧ ಕಪ್ ಸೋಯಾ ಸಾಸ್, ಇನ್ನೊಂದಕ್ಕೆ ಎರಡು ಚಮಚ ಕಲ್ಲುಪ್ಪು.

ವಿನೆಗರ್ ಹಾಕಿದ ಮೇಲೆ ಕುದಿ ಬರುವವರೆಗೆ ಸೌಟು ಆಡಿಸಬಾರದು, ಮುಚ್ಚಳ ಹಾಕಬಾರದು ಎಂಬುದು ಆತೆಯ ಕಟ್ಟಪ್ಪಣೆ. ಸೌಟಿನ ಮಾತು ಎಷ್ಟು ನಿಜವೋ ತಿಳಿಯದು, ಮುಚ್ಚಳದ ಮಾತಂತೂ ಪೂರ್ತಿ ನಿಜ. ಮೊದಲ ಹತ್ತು ನಿಮಿಷ ಮೂಗಿಗೆ ಹೊಡೆಯುವ ಘಾಟು ಹೊರಗೆ ಹೋಗಲೇಬೇಕು. ವಿರಾಜಪೇಟೆಯ ನಮ್ಮ ಮನೆಯಲ್ಲಿ ಪಂದಿ ಕರಿಗೆ, ಅಂದರೆ ಕೊಡಗಿನ ಹಂದಿ ಸಾರಿಗೆ, ಕಾಚಂಪುಳಿ ಎಂಬ ಹಣ್ಣಿನ ಹುಳಿ ಬೀಳುವುದು ಕೊನೆಗೆ. ಆ ಅಭ್ಯಾಸದಿಂದ ಹಿಂದೊಮ್ಮೆ ವಿನೆಗರನ್ನೂ ಕೊನೆಗೆ ಸುರಿದು ಇಡೀ ಪಾತ್ರೆ ಹಸಿಹುಳಿಯಾಗಿತ್ತು. ಕಾಚಂಪುಳಿ ಕುದಿದು ಕುದಿದು ಕಪ್ಪಾಗಿ ಗಟ್ಟಿಯಾದ ಮೇಲೆಯೇ ಬಾಟಲಿ ಸೇರುತ್ತದೆ. ವಿನೆಗರ್ ಬೇಯಬೇಕಾದದ್ದು ನಮ್ಮ ಒಲೆಯ ಮೇಲೆ.

ಕಪ್ಪು ಪಾತ್ರೆ ಇಪ್ಪತ್ತು ನಿಮಿಷಕ್ಕೇ ಆಗಿಹೋದಂತೆ ಕಾಣುತ್ತದೆ. ಚುಚ್ಚಿ ನೋಡಿದರೆ ಚರ್ಮ ಇನ್ನೂ ರಬ್ಬರು. ನೀರು ಇಂಗಿದಂತೆಲ್ಲ ಸಾಸಿನ ಉಪ್ಪು ಏರುತ್ತದೆ, ಎರಡು ಸಲ ನೀರು ಬೆರೆಸಬೇಕಾಯಿತು. ಕೊನೆಗೆ ಮಾಂಸ ತನ್ನ ನೆಣದಲ್ಲೇ ಹುರಿಯಬೇಕಾದ ಹೊತ್ತಿಗೆ ತಳ ಹಿಡಿಯಿತು. ಬಿಳಿಯ ಪಾತ್ರೆಯಲ್ಲಿ ಈ ಆತಂಕವಿಲ್ಲ. ಒಂದು ಗಂಟೆಯ ಹೊತ್ತಿಗೆ ಕುದಿಯ ಸದ್ದು ನಿಂತು ಚಟಪಟ ಶುರುವಾಯಿತು. ತುಂಡುಗಳನ್ನು ಹೊರಳಿಸುತ್ತ ಅಂಚು ಹೊಂಬಣ್ಣಕ್ಕೆ ತಿರುಗುವವರೆಗೆ ನಿಶ್ಚಿಂತೆಯಿಂದ ಹುರಿದೆ. ಬೆಳ್ಳುಳ್ಳಿ ಎಸಳುಗಳು ಬೆಣ್ಣೆಯಂತೆ ಮೆತ್ತಗಾಗಿ ಮಾಂಸಕ್ಕೆ ಅಂಟಿಕೊಂಡಿದ್ದವು.

ಅಂದು ರಾತ್ರಿ ಬಿಸಿ ಅನ್ನದ ಜೊತೆ ಗೆದ್ದದ್ದು ಕಪ್ಪು ಅಡೋಬೊ, ಅದನ್ನು ಒಪ್ಪುತ್ತೇನೆ. ಅದರ ಸಾರು ಅನ್ನಕ್ಕೆ ಹಿಡಿದುಕೊಳ್ಳುವ ಬಗೆಯೇ ಬೇರೆ. ಆದರೆ ಫ್ರಿಜ್‌ನಲ್ಲಿಟ್ಟು ಮೂರನೆಯ ದಿನ ಬಿಸಿ ಮಾಡಿದಾಗ ಕಪ್ಪಿನಲ್ಲಿ ಉಪ್ಪೇ ಮುಂದಾಗಿತ್ತು. ಬಿಳಿಯದರಲ್ಲಿ ಹುಳಿ ಹದಗೊಂಡು, ಮಾಂಸದ ರುಚಿ ಮೆಣಸಿನ ಖಾರದೊಂದಿಗೆ ಒಂದಾಗಿತ್ತು.

ವಿನೆಗರ್ ಬದಲಿಸಿ ನೋಡಿದಾಗ ವ್ಯತ್ಯಾಸ ಇನ್ನೂ ಸ್ಪಷ್ಟವಾಯಿತು. ಇಲೋಕೋಸ್‌ನ ಕಬ್ಬಿನ ವಿನೆಗರ್ ಕಂದು, ದುಂಡನೆಯ ಹುಳಿ. ಬುಲಕಾನ್ ಪ್ರಾಂತ್ಯದ ಪಾಓಂಬೊಂಗ್‌ನದು ನೀಪಾ ತಾಳೆಯ ರಸದ್ದು. ಅದರ ಹುಳಿ ಚುರುಕು, ಹಿಂದೆಯೇ ಸಣ್ಣ ಉಪ್ಪು. ಸೋಯಾ ಸಾಸ್ ಬಿದ್ದ ಪಾತ್ರೆಯಲ್ಲಿ ಎರಡೂ ನನಗೆ ಒಂದೇ ಎನಿಸಿದವು. ಬಿಳಿಯದರಲ್ಲಿ ಮೊದಲ ತುತ್ತಿಗೇ ಯಾವುದು ಯಾವುದೆಂದು ಹೇಳಬಲ್ಲೆ. ಬಟಾಂಗಾಸ್‌ನವರಂತೆ ಅರಿಸಿನ ಹಾಕಿಯೂ ಮಾಡಿದೆ, ಚೆನ್ನಾಗಿತ್ತು. ತೆಂಗಿನ ಹಾಲಿನದು ನನಗೆ ಭಾರವಾಯಿತು.

ಬಿಳಿಯದು ಬಡತನದ ಅಡೋಬೊ ಎಂದು ಯಾರೋ ಅಂದಾಗ ನನಗೆ ಬೇಸರವಾಗಿತ್ತು. 1613ರಲ್ಲಿ ಅಚ್ಚಾದ ಸ್ಪ್ಯಾನಿಷ್ ಪಾದ್ರಿಯೊಬ್ಬರ ತಗಾಲೊಗ್ (ಇಲ್ಲಿಯ ಭಾಷೆ) ನಿಘಂಟು ಇಲ್ಲಿಯವರ ಇಂಥ ಅಡುಗೆಯನ್ನು 'ಈ ನೆಲದವರ ಅಡೋಬೊ' ಎಂದು ದಾಖಲಿಸಿದೆ. ಹೆಸರು ಸ್ಪೇನಿನದು, ಸೋಯಾ ಸಾಸ್ ಚೀನೀ ವರ್ತಕರ ಕೊಡುಗೆ. ವಿನೆಗರಿನಲ್ಲಿ ಮಾಂಸ ಬೇಯಿಸುವ ಕ್ರಮ ಮಾತ್ರ ಇಲ್ಲಿಯದೇ.

ನೆಂಟರು ಬಂದ ದಿನ ಈಗಲೂ ಕಪ್ಪು ಅಡೋಬೊ ಮಾಡುತ್ತೇನೆ, ಅದೇ ದಿನ ಖಾಲಿಯಾಗುತ್ತದೆ. ನಮಗೆಂದು ಶನಿವಾರ ಬಿಳಿಯದನ್ನು ಮಾಡಿಟ್ಟು ಸೋಮವಾರ ಬೆಳಿಗ್ಗೆ ತೆಗೆಯುತ್ತೇನೆ. ಮೇಲೆ ಕಟ್ಟಿದ ನೆಣದಲ್ಲಿ ಬೆಳ್ಳುಳ್ಳಿ ಹುರಿದು ತಂಗಳನ್ನ ಹಾಕಿದರೆ ಸಿನಾಂಗಾಗ್ ಸಿದ್ಧ. ಅದಕ್ಕೆ ಬೇರೆ ಎಣ್ಣೆ ಬೇಕಾಗುವುದಿಲ್ಲ.