ಹಂಚಿನ ಮಾಡಿಗೆ ಬಬಲ್ ಫಾಯಿಲ್: ಮೊದಲು ಅಟ್ಟ ಖಾಲಿಯಾಗಲಿ

ಮಾರ್ಚ್ ಬಂತೆಂದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಂಚಿನ ಮನೆಗಳಲ್ಲಿ ಮಧ್ಯಾಹ್ನ ಅಟ್ಟ ಹತ್ತುವುದೇ ಕಷ್ಟ. ಆ ಸೆಕೆಗೆ ಮದ್ದು ಎಂದು ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೊಡುವುದು ಬಬಲ್ ಫಾಯಿಲ್. ಗಾಳಿಗುಳ್ಳೆಗಳಿರುವ ಪ್ಲಾಸ್ಟಿಕ್ ಹಾಳೆ, ಅದರ ಒಂದು ಮೈಗೋ ಎರಡೂ ಮೈಗೋ ಅಲ್ಯೂಮಿನಿಯಂ. ಸರಿಯಾಗಿ ಕಟ್ಟಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ತಪ್ಪಾಗಿ ಕಟ್ಟಿದರೆ ಸೆಕೆಯೂ ಇಳಿಯುವುದಿಲ್ಲ, ಪಕ್ಕಾಸು (ಮಾಡಿನ ಇಳಿಜಾರು ತೊಲೆ), ರೀಪುಗಳೂ (ಹಂಚು ಕೂರುವ ಅಡ್ಡಪಟ್ಟಿ) ಕೊಳೆತು ಕುಂಬಾಗುತ್ತವೆ.

ಹಾಳೆಯ ದಪ್ಪ ಸಾಮಾನ್ಯವಾಗಿ 4ರಿಂದ 8 ಮಿಲಿಮೀಟರ್. ಸೆಕೆ ತಡೆಯುವ ದೊಡ್ಡ ಕೆಲಸ ಗುಳ್ಳೆಗಳದ್ದಲ್ಲ, ಹೊಳೆಯುವ ಮೈಯದ್ದು. ಕಾದ ಹಂಚು ಕೆಳಕ್ಕೆ ಬೀರುವ ಶಾಖದ ಶೇ. 95ರಷ್ಟನ್ನು ಶುದ್ಧ ಅಲ್ಯೂಮಿನಿಯಂ ಹಿಂದಕ್ಕೆ ಅಟ್ಟಬಲ್ಲದು. ಆದರೆ ಹೊಳೆಯುವ ಮೈಯ ಎದುರು ಕನಿಷ್ಠ ಒಂದು ಇಂಚು ಗಾಳಿ ಬೇಕೇ ಬೇಕು. ಹಂಚಿಗೆ ತಾಗಿಸಿದರೆ ಶಾಖ ನೇರವಾಗಿ ದಾಟಿ ಬರುತ್ತದೆ. ಒಂದೇ ಮೈ ಹೊಳೆಯುವ ಹಾಳೆಯಾದರೆ ಆ ಮೈ ಕೆಳಮುಖವಾಗಿರಲಿ. ಮೇಲ್ಮುಖದ ಹೊಳಪು ಹಂಚಿನ ಧೂಳು ಕೂತು ಮಂಕಾಗುತ್ತದೆ, ಕೆಳಮುಖದ ಮೈಯಲ್ಲಿ ಧೂಳು ನಿಲ್ಲುವುದಿಲ್ಲ. ಹಾಳೆ ಬಿಸಿಯಾದರೂ ಹೊಳಪಿನ ಮೈ ಆ ಶಾಖವನ್ನು ಕೆಳಕ್ಕೆ ಬಿಟ್ಟುಕೊಡುವುದು ತೀರಾ ಕಡಿಮೆ.

ಹಂಚು ಬಿಚ್ಚಿ ಹೊದೆಸುವಾಗ ಕೆಲವರು ಹಾಳೆಯನ್ನು ರೀಪಿನ ಮೇಲೆ ಹಾಸಿ ಹಂಚು ಕೂರಿಸುತ್ತಾರೆ. ಇದು ಬೇಡ. ಒಡೆದ ಹಂಚಿನಿಂದ ಇಳಿದ ನೀರು ಹಾಳೆಯ ಮೇಲೆ ಹರಿದು ಪ್ರತಿ ರೀಪಿನ ಹಿಂದೆಯೂ ತಂಗುತ್ತದೆ. ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆಯುವಷ್ಟರಲ್ಲಿ ರೀಪು ಬೆರಳಲ್ಲಿ ಒತ್ತಿದರೆ ಕುಸಿಯುವಷ್ಟು ಮೆತ್ತಗಾಗಿರುತ್ತದೆ. ಪಕ್ಕಾಸಿನ ಅಡಿಮೈಗೆ ಕಟ್ಟುವುದೇ ಸರಿ. ಆಗ ಹಂಚಿಗೂ ಹಾಳೆಗೂ ನಡುವೆ ಪಕ್ಕಾಸಿನ ಎತ್ತರದಷ್ಟು ಗಾಳಿ ಸಿಗುತ್ತದೆ. ಸೂರಿನ ಅಂಚಿನಲ್ಲೂ ಮಾಡಿನ ನೆತ್ತಿಯಲ್ಲೂ ಎರಡೆರಡು ಇಂಚು ತೆರೆದಿಡಿ. ಕೆಳಗಿನಿಂದ ಗಾಳಿ ಹೊಕ್ಕು, ಬಿಸಿಯಾದದ್ದು ಮೇಲಿನಿಂದ ಹೊರಟುಹೋಗಬೇಕು.

ಹಾಳೆಯನ್ನು ಅಡ್ಡವಾಗಿ, ನೆತ್ತಿಯಿಂದ ಸೂರಿನ ಕಡೆಗೆ ಕಟ್ಟುತ್ತ ಬನ್ನಿ. ಮೇಲಿನ ಹಾಳೆ ಕೆಳಗಿನದರ ಮೇಲೆ ನಾಲ್ಕು ಇಂಚು ಹೊದ್ದುಕೊಳ್ಳಲಿ. ಬರೀ ಪಿನ್ನು ಹೊಡೆದು ಬಿಟ್ಟರೆ ಕುಂಬಳೆ, ಮಂಜೇಶ್ವರದ ಉಪ್ಪುಗಾಳಿಗೆ ತುಕ್ಕು ಹಿಡಿದು ಹಾಳೆ ಜೋತುಬೀಳುತ್ತದೆ. ಚೆನ್ನಾಗಿ ಒಣಗಿದ ಅಡಿಕೆ ಸಲಾಕೆಯನ್ನು (ಅಡಿಕೆ ಮರದ ಸೀಳುಪಟ್ಟಿ) ಹಾಳೆಯ ಕೆಳಗಿನಿಂದ ಪಕ್ಕಾಸಿಗೆ ಒತ್ತಿ ಸ್ಟೀಲ್ ಸ್ಕ್ರೂ ಹಾಕುವುದು ಗಟ್ಟಿ ಕೆಲಸ. ಜೋಡಣೆಗೆ ಹಚ್ಚುವ ಫಾಯಿಲ್ ಟೇಪು ಧೂಳಿನ ಮೇಲೆ ಅಂಟುವುದಿಲ್ಲ, ಮಳೆಗಾಲದ ತೇವಕ್ಕೂ ಅಂಟುವುದಿಲ್ಲ. ಏಪ್ರಿಲ್ ಒಳಗೆ, ಒಣಬಟ್ಟೆಯಲ್ಲಿ ಒರಸಿ ಹಚ್ಚಿ.

ಲೆಕ್ಕ ಹೀಗೆ. ಮಾಡಿನ ಕೆಳಗಿನ ಜಾಗ 30 ಅಡಿಗೆ 20 ಅಡಿ, ಇಳಿಜಾರು 30 ಡಿಗ್ರಿ ಎಂದಿಟ್ಟುಕೊಳ್ಳಿ. 600 ಚದರಡಿಯನ್ನು ಇಳಿಜಾರಿಗಾಗಿ 1.15ರಿಂದ ಗುಣಿಸಿದರೆ 690, ಹೊದಿಕೆಗೂ ಕತ್ತರಿಸುವಾಗ ಹಾಳಾಗುವುದಕ್ಕೂ ಶೇ. 10 ಸೇರಿಸಿ ಸುಮಾರು 760. 1.2 ಮೀಟರ್ ಅಗಲ, 40 ಮೀಟರ್ ಉದ್ದದ ರೋಲಿನಲ್ಲಿ 516 ಚದರಡಿ ಇರುತ್ತದೆ. ಎರಡು ರೋಲು ಬೇಕು.

ಅಲ್ಯೂಮಿನಿಯಂನಲ್ಲಿ ಕರೆಂಟು ಹರಿಯುತ್ತದೆ. ಪಕ್ಕಾಸಿಗೆ ಬಡಿದ ಹಳೆಯ ವಯರಿಗೆ ಪಿನ್ನು ಚುಚ್ಚಿದರೆ ಇಡೀ ಮಾಡೇ ಜೀವಂತ ತಂತಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 2009-10ರಲ್ಲಿ ಹೀಗೆ ಫಾಯಿಲ್ ಹೊಡೆಯುವಾಗಲೇ ಕೆಲಸಗಾರರು ಸತ್ತಿದ್ದಾರೆ. ಮೈನ್ ಸ್ವಿಚ್ ಆರಿಸದೆ, ವಯರುಗಳನ್ನು ಪೈಪಿನೊಳಗೆ ಹಾಕಿಸದೆ ಯಾರನ್ನೂ ಏಣಿ ಹತ್ತಿಸಬೇಡಿ.

ಸೌದೆ ಒಲೆಯ ಅಡುಗೆಮನೆಗೂ ಬಚ್ಚಲಿನ ಹಂಡೆಯ ಮೇಲೂ ಇದು ಬೇಡವೇ ಬೇಡ. ಅಲ್ಲಿ ಹೊಗೆ ಹೊರಹೋಗುವುದು ಹಂಚಿನ ಸಂದಿಯಿಂದ, ಪ್ಲಾಸ್ಟಿಕ್ಕಿಗೆ ಕಿಡಿ ತಾಗಿದರೆ ಉರಿಯುತ್ತದೆ. ಗಾಜಿನ ಹಂಚಿನ ಕೆಳಗೆ ಹಾಳೆಯನ್ನು ಚೌಕವಾಗಿ ಕತ್ತರಿಸಿ ಬಿಡಿ, ಇಲ್ಲದಿದ್ದರೆ ಹಗಲಲ್ಲೂ ಲೈಟು ಬೇಕು. ಮೊದಲೇ ಮೊಬೈಲ್ ಸಿಗ್ನಲ್ ಕುಂಟುವ ಗುಡ್ಡದ ಮನೆಗಳಲ್ಲಿ ಅದು ಇನ್ನಷ್ಟು ಕುಗ್ಗಬಹುದು.

ಇಷ್ಟೆಲ್ಲ ಮಾಡಿಯೂ ಕೆಲಸ ಕೆಡುವುದು ಅಟ್ಟದ ಸಾಮಾನಿನಿಂದ. ತಳ ಹೋದ ಕೊಪ್ಪರಿಗೆ, ಹಳೆಯ ಚಾಪೆ, ಕಟ್ಟುಗಟ್ಟಲೆ ಅಡಿಕೆ ಹಾಳೆ, ಮಕ್ಕಳು ಹತ್ತನೇ ಕ್ಲಾಸು ದಾಟಿ ವರ್ಷಗಳಾದರೂ ಬಿಡದ ಪುಸ್ತಕ, ಎಲ್ಲವನ್ನೂ ಸೂರಿನ ಮೂಲೆಗೆ ದೂಡಿರುತ್ತೇವೆ. ಗಾಳಿ ಒಳಬರಬೇಕಾದ ಬಾಗಿಲೇ ಆ ಮೂಲೆ. ಅಲ್ಲಿ ರಾಶಿ ಇದ್ದರೆ ಹಾಳೆ ಒಳಕ್ಕೆ ಒತ್ತಿಕೊಂಡು ಹಂಚಿಗೆ ತಾಗುತ್ತದೆ, ಇಲಿಗೆ ಗೂಡಾಗುತ್ತದೆ, ಗೋಡೆಯಿಂದ ಹತ್ತುವ ಒರಲೆಯ ಮಣ್ಣುಗೆರೆ ಕಾಣದೆ ಉಳಿಯುತ್ತದೆ. ಸೂರಿನಿಂದ ಎರಡಡಿ ಜಾಗ ಪೂರಾ ಖಾಲಿ ಇರಲಿ. ಕಾಗದ, ಬಟ್ಟೆ, ಹುಲ್ಲುಚಾಪೆಗಳಲ್ಲಿ ಬೇಡದ್ದನ್ನು ಮೊದಲು ಕೆಳಗಿಳಿಸಿ. ತಾಮ್ರ, ಹಿತ್ತಾಳೆ ಇದ್ದರೆ ಪರವಾಗಿಲ್ಲ, ಆದರೆ ಗೋಡೆಯ ಮೇಲೆ ಭಾರ ಬೀಳುವ ಕಡೆ ಇಡಿ. ಚಾಲಿ ಅಡಿಕೆಯ (ಒಣಗಿಸಿ ಸುಲಿದ ಅಡಿಕೆ) ಗೋಣಿಗಳನ್ನು ಅಟ್ಟದ ನಡುವೆ ಪೇರಿಸಬೇಡಿ. ಒಂದಕ್ಕೆ 65 ಕಿಲೋದಂತೆ ಹತ್ತು ಗೋಣಿ ಎಂದರೆ 650 ಕಿಲೋ. ಗೋಣಿಯ ಅಡಿಗೆ ಹಲಗೆ ಕೊಟ್ಟು, ಹಾಳೆಯಿಂದ ಒಂದಡಿಯಾದರೂ ದೂರ ಇಡಿ. ಹಾಳೆಯಿಂದ ತೊಟ್ಟಿಕ್ಕಿದ ನೀರು ಒಂದೇ ಗೋಣಿಗೆ ಬಿದ್ದರೂ ಬೂಸ್ಟು ಪಕ್ಕದ ಗೋಣಿಗೆ ಹರಡುತ್ತದೆ.

ಹಾಳೆ ಕಟ್ಟಿದ ಮೇಲೆ ಒಡೆದ ಹಂಚು ಕೆಳಗಿನಿಂದ ಕಾಣುವುದಿಲ್ಲ. ಹಾಗಾಗಿ ಪ್ರತಿ ಇಳಿಜಾರಿನಲ್ಲೂ ಒಂದು ತುಂಡಿಗೆ ಟೇಪು ಹಚ್ಚದೆ, ಸ್ಕ್ರೂ ಬಿಚ್ಚಿದರೆ ಕೈಗೆ ಬರುವಂತೆ ಬಿಡಿ. ಜೂನ್‌ನ ಮೊದಲ ಜೋರು ಮಳೆಗೆ ಟಾರ್ಚು ಹಿಡಿದು ಸೂರಿನ ಅಂಚು ನೋಡಿ. ನೀರು ಎಲ್ಲಿ ಇಳಿಯುತ್ತದೋ ಅದರ ನೇರಕ್ಕೆ ಮೇಲೆ ಹಂಚು ಹೋಗಿದೆ.