ಎರಡು ಪಟ್ಟಿ ತಾಳೆ ನೋಡಲು ಯಾವ ಫಾರ್ಮುಲಾ?

ಎರಡು ಕಾಲಂ ತಾಳೆಯಾಗುತ್ತವೆಯೇ ಎಂದು ನೋಡಲು ಇಷ್ಟು ದಿನ ನಾನು ಬರೆಯುತ್ತಿದ್ದುದು ಒಂದೇ: =ಎ2=ಬಿ2. ಈ ಸಲ ಅದೇ ಡೇಟಾವನ್ನು ಎಕ್ಸೆಲ್‌ನಲ್ಲಿ ನಾಲ್ಕು ಬಗೆಯಲ್ಲಿ ಓಡಿಸಿ ನೋಡಿದೆ.

ಸಮ ಚಿಹ್ನೆಯದು ಸಲೀಸು ಕೆಲಸ. ಆದರೆ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಅದಕ್ಕೆ ಒಂದೇ. ಕೋಡ್‌ಗಳ ಕಾಲಂನಲ್ಲಿ ಆ ವ್ಯತ್ಯಾಸ ಮುಖ್ಯವಾದರೆ ‘ಎಕ್ಸಾಕ್ಟ್’ ಬೇಕೇ ಬೇಕು. ಕನ್ನಡದಲ್ಲಿ ಬರೆದ ಹೆಸರುಗಳಿಗೆ ಈ ಪ್ರಶ್ನೆಯೇ ಏಳುವುದಿಲ್ಲ, ನಮ್ಮ ಲಿಪಿಯಲ್ಲಿ ಆ ಭೇದವಿಲ್ಲವಲ್ಲ. ಕೊನೆಯಲ್ಲೊಂದು ಸ್ಪೇಸ್ ಉಳಿದಿದ್ದರೆ ಸಮ ಚಿಹ್ನೆ, ಎಕ್ಸಾಕ್ಟ್ ಎರಡೂ ‘ಫಾಲ್ಸ್’ (ತಾಳೆಯಿಲ್ಲ) ಅನ್ನುತ್ತವೆ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಸೆಲ್‌ಗಳಿಗೆ ಅಕ್ಷರ ಎಣಿಸುವ ‘ಲೆನ್’ ಹಾಕಿದಾಗ ಒಂದರಲ್ಲಿ 8, ಇನ್ನೊಂದರಲ್ಲಿ 9 ಬಂತು. ಹೆಚ್ಚುವರಿ ಸ್ಪೇಸ್ ತೆಗೆಯುವ ‘ಟ್ರಿಮ್’ ಹಾಕಿದರೂ 9 ಹಾಗೇ ಇತ್ತು! ವೆಬ್‌ಪುಟದಿಂದ ಕಾಪಿ ಮಾಡಿದ ಡೇಟಾದಲ್ಲಿ ಬರುವ 160 ಎಂಬ ಅಕ್ಷರ ಸಂಕೇತದ, ಬೇರೆ ಬಗೆಯ ಸ್ಪೇಸ್ ಅದು, ಟ್ರಿಮ್‌ಗೆ ಸಿಗುವುದಿಲ್ಲ. ಒಂದು ಅಕ್ಷರದ ಜಾಗಕ್ಕೆ ಇನ್ನೊಂದನ್ನು ಹಾಕುವ ‘ಸಬ್‌ಸ್ಟಿಟ್ಯೂಟ್’ ಬಳಸಿ ತೆಗೆದ ಮೇಲೆಯೇ ತಾಳೆಯಾಯಿತು.

ಸಾಲುಗಳ ಕ್ರಮ ಬೇರೆಬೇರೆ ಇದ್ದರೆ ಸಮ ಚಿಹ್ನೆ, ಎಕ್ಸಾಕ್ಟ್ ಎರಡೂ ಸಾಲವು. ಆಗ ಪೈಪೋಟಿ ಪಟ್ಟಿಯಲ್ಲಿ ಎಷ್ಟು ಸಲ ಇದೆ ಎಂದು ಎಣಿಸುವ ‘ಕೌಂಟ್‌ಇಫ್’ ಮತ್ತು ಎಷ್ಟನೇ ಜಾಗದಲ್ಲಿದೆ ಎಂದು ಹೇಳುವ ‘ಮ್ಯಾಚ್’ ನಡುವೆ. ಬರೆಯಲು ಕೌಂಟ್‌ಇಫ್ ಸುಲಭ, ಪಟ್ಟಿಯಲ್ಲಿ ಇಲ್ಲದಿದ್ದರೆ ಸೊನ್ನೆ ಕೊಡುತ್ತದೆ. ಟೆಕ್ಸ್ಟ್ ಆಗಿ ಕೂತ 125ನ್ನೂ ನಂಬರ್ 125ನ್ನೂ ಒಂದೇ ಎಂದು ಎಣಿಸುತ್ತದೆ, ಮ್ಯಾಚ್ ಹಾಗೆ ಒಪ್ಪುವುದಿಲ್ಲ. ನಾನು ಕೌಂಟ್‌ಇಫ್ ಕೈಬಿಟ್ಟಿದ್ದೂ ಅದರ ಈ ಗುಣಕ್ಕೇ. ಟೆಕ್ಸ್ಟ್ ಆಗಿ ಇಟ್ಟ, ಕೊನೆಯ ಅಂಕಿ ಮಾತ್ರ ಬೇರೆಯಿರುವ ಎರಡು 16 ಅಂಕಿಯ ಸಂಖ್ಯೆಗಳನ್ನು ಕೊಟ್ಟೆ. ಉತ್ತರ 2 ಬಂತು! ಅದು ಟೆಕ್ಸ್ಟನ್ನು ನಂಬರ್ ಮಾಡಿಕೊಂಡು ನೋಡುತ್ತದೆ, ನಂಬರ್‌ನಲ್ಲಿ ಉಳಿಯುವುದು ಮೊದಲ 15 ಅಂಕಿ ಮಾತ್ರ. ಅದೇ ಜೋಡಿಯನ್ನು ಮ್ಯಾಚ್ ಸರಿಯಾಗಿ ಬೇರೆಬೇರೆ ಎಂದಿತು. ಖಾತೆ ಸಂಖ್ಯೆ, ಕಾರ್ಡ್ ಸಂಖ್ಯೆ ಇರುವ ಕಡೆ ನನ್ನ ಆಯ್ಕೆ ಮ್ಯಾಚ್. ಅದರ ಫಾರ್ಮುಲಾದ ಕೊನೆಗೆ 0 ಬರೆಯುವುದನ್ನು ಮಾತ್ರ ಮರೆಯಬೇಡಿ, ಬಿಟ್ಟರೆ ಅದು ನಿಖರ ತಾಳೆಯ ಬದಲು ಹತ್ತಿರದ ಮೌಲ್ಯವನ್ನು ಹುಡುಕಲು ಹೊರಡುತ್ತದೆ.

ದಶಾಂಶದ ಲೆಕ್ಕದಲ್ಲಿ ಸಮ ಚಿಹ್ನೆಯನ್ನು ಹಾಗೇ ನಂಬಲಾರೆ. 43.1ರಲ್ಲಿ 43.2 ಕಳೆದು 1 ಕೂಡಿಸಿ, 0.9ಕ್ಕೆ ಸಮವೇ ಎಂದು ಕೇಳಿದೆ. ಸೆಲ್‌ನಲ್ಲಿ 0.90 ಎಂದೇ ಕಾಣುತ್ತಿತ್ತು, ಉತ್ತರ ಮಾತ್ರ ‘ಫಾಲ್ಸ್’. ‘ರೌಂಡ್’ ಹಾಕಿ 2 ದಶಾಂಶಕ್ಕೆ ತಂದ ಮೇಲೆ ‘ಟ್ರೂ’ ಬಂತು.