ಜಂಟಿ ಎಂಎ ಅಂತ ಹೇಳಿ ಅರ್ಧಕ್ಕೆ ಮಾತ್ರ ಸೀಟು ಕೊಡುತ್ತಾರೆ, ಡೆಪಾಸಿಟ್ ಕಟ್ಟುವ ಮುಂಚೆ ನೋಡಿಕೊಳ್ಳಿ

ಅಮೆರಿಕದಲ್ಲಿ ಧರ್ಮ ಅಧ್ಯಯನ ಮತ್ತು ಜರ್ನಲಿಸಂ ಎರಡನ್ನೂ ಸೇರಿಸಿ ಎಂಎ ಮಾಡಬೇಕು ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಡ್ಮಿಷನ್ ಪತ್ರ ಈಗಾಗಲೇ ಕೈಗೆ ಬಂದಿದ್ದರೆ, ಓದಿ ಮುಗಿಸುವವರೆಗೆ ದುಡ್ಡು ಕಟ್ಟಬೇಡಿ.

ಧರ್ಮದ ಬಗ್ಗೆ ವರದಿ ಮಾಡುವವರು ಎರಡೂ ಕಲಿತಿರಬೇಕು ಅಂತ ನಾನು ಈಗಲೂ ನಂಬುತ್ತೇನೆ. ಅಲ್ಲಿ ರಿಲಿಜನ್ ನ್ಯೂಸ್ ಸರ್ವಿಸ್ ಅಂತ ಧರ್ಮದ ಸುದ್ದಿಗೆಂದೇ ಒಂದು ಸಂಸ್ಥೆ 1934ರಿಂದ ಇದೆ. ಅಂಥ ಕಡೆ ಕೆಲಸ ಮಾಡುವ ಆಸೆ ನನ್ನದು. ಹಾಗಾಗಿ ಜಂಟಿ ಕೋರ್ಸ್ ಇರುವ ಒಂದು ಯೂನಿವರ್ಸಿಟಿಗೆ ಅರ್ಜಿ ಹಾಕಿದೆ. ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ನಡೆದದ್ದು ಹೇಗೆ ಅನ್ನೋದು ನಿಮಗೆ ಗೊತ್ತಾದರೆ ಸಾಕು.

ಅರ್ಜಿ ಒಂದೇ, ಅರ್ಜಿ ಶುಲ್ಕವೂ ಒಂದೇ. ಆದರೆ ಒಳಗೆ ಅದನ್ನು ಓದುವ ಸಮಿತಿಗಳು ಎರಡು. ಜರ್ನಲಿಸಂನವರಿಗೆ ಪ್ರಕಟವಾದ ವರದಿಗಳು ಬೇಕು. ಧರ್ಮ ಅಧ್ಯಯನದವರಿಗೆ ಅಡಿಟಿಪ್ಪಣಿ ಸಮೇತ ಉದ್ದನೆಯ ಪ್ರಬಂಧ ಬೇಕು. ಒಂದು ಪಂಥದೊಳಗಿನ ಜಗಳದ ಬಗ್ಗೆ ಬರೆದರೆ, ಅವರು ‘ಯಾರ್ಯಾರನ್ನು ಮಾತಾಡಿಸಿದೆ’ ಅಂತ ನೋಡುತ್ತಾರೆ, ಇವರು ‘ಯಾವ ಸಿದ್ಧಾಂತ ಹಿಡಿದು ನೋಡಿದೆ’ ಅಂತ ಕೇಳುತ್ತಾರೆ. ಒಂದು ಸಮಿತಿ ಒಪ್ಪಿ ಇನ್ನೊಂದು ಒಪ್ಪದೇ ಇರಬಹುದು. ಇದನ್ನು ವೆಬ್‌ಸೈಟ್‌ನಲ್ಲಿ ಎಲ್ಲೂ ಹೇಳಿರಲಿಲ್ಲ.

ಮಾರ್ಚ್‌ನಲ್ಲಿ ಪತ್ರ ಬಂತು. ಮೊದಲ ಸಾಲಿನಲ್ಲೇ ಅಭಿನಂದನೆ. ಆದರೆ ಮೇಲೆ ಧರ್ಮ ಅಧ್ಯಯನ ವಿಭಾಗದ ಹೆಸರು ಮಾತ್ರ, ಕೆಳಗೆ ಸಹಿಯೂ ಆ ವಿಭಾಗದವರದ್ದೇ. ಕೋರ್ಸಿನ ಹೆಸರಿನ ಜಾಗದಲ್ಲಿ ‘ಎಂಎ, ಧರ್ಮ ಅಧ್ಯಯನ’ ಅಂತಷ್ಟೇ ಇತ್ತು. ಅವತ್ತೇ ಇಮೇಲ್ ಮಾಡಿ ಕೇಳಿದೆ. ಅಡ್ಮಿಷನ್ ಆಫೀಸಿನಿಂದ ಉತ್ತರ ಬಂತು: ‘ನಮ್ಮ ಸಿಸ್ಟಮ್‌ನಲ್ಲಿ ಹಾಗೆ ಕಾಣುತ್ತದೆ ಅಷ್ಟೇ. ನೀವು ಜಂಟಿ ಕೋರ್ಸಿನಲ್ಲೇ ಇದ್ದೀರಿ. ಸೀಟು ಉಳಿಯಬೇಕಾದರೆ ಗಡುವಿನೊಳಗೆ ಡೆಪಾಸಿಟ್ ಕಟ್ಟಿ.’ 500 ಡಾಲರ್, ವಾಪಸ್ ಕೊಡುವುದಿಲ್ಲ. ಬರಹದಲ್ಲೇ ಭರವಸೆ ಕೊಟ್ಟಿದ್ದಾರಲ್ಲ ಅಂತ ಕಟ್ಟಿದೆ. ಅರ್ಧ ಫೀಸ್ ಬಿಡುತ್ತೇವೆ ಅಂದಿದ್ದ ಇನ್ನೊಂದು ಜರ್ನಲಿಸಂ ಸ್ಕೂಲಿಗೆ ಬರುವುದಿಲ್ಲ ಅಂತ ತಿಳಿಸಿದೆ.

ಮೇ ತಿಂಗಳಲ್ಲಿ ಅದೇ ಆಫೀಸಿನಿಂದ ಎರಡು ಸಾಲಿನ ಇಮೇಲ್. ಈ ವರ್ಷ ಜರ್ನಲಿಸಂ ಕಡೆಯವರು ಜಂಟಿ ಕೋರ್ಸಿಗೆ ಯಾರನ್ನೂ ತೆಗೆದುಕೊಳ್ಳುತ್ತಿಲ್ಲವಂತೆ. ಬಂದು ಸೇರಿ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು ಅಂದರು. ಡೆಪಾಸಿಟ್ ಕೇಳಿದರೆ ನಿಯಮ ತೋರಿಸಿದರು. ಬೇರೆಯವರ ಒಂದು ವರ್ಷದ ಶ್ರಮವನ್ನು ಇಷ್ಟು ಹಗುರವಾಗಿ ತಳ್ಳಿಬಿಡುವುದು ಅನ್ಯಾಯ. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

‘ಆಫರ್ ಒಪ್ಪಿಕೊಳ್ಳಿ ಅಂತ ಏಪ್ರಿಲ್ 15ರವರೆಗೆ ಯಾರೂ ಒತ್ತಾಯ ಮಾಡುವ ಹಾಗಿಲ್ಲ’ ಅಂತ ನಿಮಗೂ ಯಾರಾದರೂ ಹೇಳಿರುತ್ತಾರೆ. ಅಂಥ ಒಪ್ಪಂದ ಇರುವುದು ನಿಜ. ಅಮೆರಿಕದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಮಾಡಿರುವ ಒಪ್ಪಂದ ಅದು. ಆದರೆ ಅದಕ್ಕೆ ಸಹಿ ಹಾಕಿದ ಯೂನಿವರ್ಸಿಟಿಗಳಿಗೆ ಮಾತ್ರ ಅನ್ವಯ. ಅದೂ ಸ್ಕಾಲರ್‌ಶಿಪ್, ಅಸಿಸ್ಟೆಂಟ್‌ಶಿಪ್ ಥರದ ಹಣಕಾಸಿನ ನೆರವು ಇರುವ ಆಫರ್‌ಗಳಿಗೆ. ಪಿಎಚ್‌ಡಿಗೆ ಹೋಗುವವರಿಗೆ ಅದು ನಿಜವಾದ ರಕ್ಷಣೆ. ಸ್ವಂತ ದುಡ್ಡಿನಲ್ಲಿ ಎಂಎ ಮಾಡುವವರಿಗೆ ಅದರಿಂದ ಉಪಯೋಗ ಇಲ್ಲ, ಗಡುವು ಎಷ್ಟು ಬೇಗ ಬೇಕಾದರೂ ಇಡಬಹುದು.

ಡೆಪಾಸಿಟ್‌ಗಿಂತ ದೊಡ್ಡ ಏಟು ಬೀಳುವುದು ವೀಸಾ ಕಡೆಯಿಂದ. ಯಾಕೋ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ವಿದ್ಯಾರ್ಥಿಗಳ ಎಫ್-1 ವೀಸಾಕ್ಕೆ ಯೂನಿವರ್ಸಿಟಿ ಕೊಡುವ ಐ-20 ಅನ್ನೋ ದಾಖಲೆಯಲ್ಲಿ ನಿಮ್ಮ ಓದಿನ ವಿಷಯ ನಮೂದಾಗಿರುತ್ತದೆ. ಓದು ಮುಗಿದ ಮೇಲೆ 12 ತಿಂಗಳು ಕೆಲಸ ಮಾಡಲು ಬಿಡುವ ಒಪಿಟಿ (ಆಪ್ಷನಲ್ ಪ್ರಾಕ್ಟಿಕಲ್ ಟ್ರೈನಿಂಗ್) ಅನುಮತಿಗೆ, ಆ ಕೆಲಸ ಓದಿದ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟಿರಬೇಕು. ಐ-20ಯಲ್ಲಿ ಧರ್ಮ ಅಧ್ಯಯನ ಒಂದೇ ಇದ್ದರೆ, ಪತ್ರಿಕೆಯ ಕೆಲಸಕ್ಕೆ ಅದು ಹೇಗೆ ಸಂಬಂಧ ಅಂತ ನೀವೇ ವಿವರಿಸಬೇಕಾಗುತ್ತದೆ. ಇನ್ನೊಂದು ಎಂಎ ಮಾಡಿ ಸರಿಮಾಡಿಕೊಳ್ಳೋಣ ಅಂದರೆ ಅದೂ ಕಷ್ಟ. ಮಾಸ್ಟರ್ಸ್ ಮಟ್ಟಕ್ಕೆ ಒಪಿಟಿ ಪೂರ್ತಿ ಬಳಸಿದ ಮೇಲೆ ಅದೇ ಮಟ್ಟದಲ್ಲಿ ಮತ್ತೆ ಸಿಗುವುದಿಲ್ಲ.

ಧರ್ಮಶಾಸ್ತ್ರ ಕಲಿಸುವ ಡಿವಿನಿಟಿ ಸ್ಕೂಲ್‌ಗಳ ಬಗ್ಗೆಯೂ ಒಂದು ಮಾತು. ಅಲ್ಲಿನ ಎಂಡಿವ್ (ಮಾಸ್ಟರ್ ಆಫ್ ಡಿವಿನಿಟಿ) ಸಾಮಾನ್ಯವಾಗಿ ಮೂರು ವರ್ಷದ್ದು, ಧರ್ಮಸೇವೆಗೆ ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಓದಿಗಾಗಿ ಹೋಗುವವರು ಎರಡು ವರ್ಷದ ಎಂಟಿಎಸ್ (ಮಾಸ್ಟರ್ ಆಫ್ ಥಿಯಲಾಜಿಕಲ್ ಸ್ಟಡೀಸ್) ಥರದ್ದನ್ನು ನೋಡಬೇಕು. ಎರಡರ ಜೊತೆಗೂ ಜರ್ನಲಿಸಂ ಸೇರುತ್ತದಾ ಅಂತ ಸುಮ್ನೆ ಊಹೆ ಮಾಡಬೇಡಿ.

ಕಟ್ಟುವ ಮುಂಚೆ ಎರಡೂ ವಿಭಾಗದ ಮುಖ್ಯಸ್ಥರಿಗೆ ಒಂದೇ ಇಮೇಲ್ ಹಾಕಿ, ಅಡ್ಮಿಷನ್ ಆಫೀಸಿಗೆ ಪ್ರತಿ ಹೋಗಲಿ. ‘ಈ ವರ್ಷದ ಜಂಟಿ ಕೋರ್ಸಿಗೆ ನಿಮ್ಮ ವಿಭಾಗ ನನ್ನನ್ನು ಸೇರಿಸಿಕೊಂಡಿದೆಯಾ? ಐ-20ಯಲ್ಲಿ ಎರಡೂ ವಿಷಯ ಬರುತ್ತಾ? ಒಂದು ಕಡೆ ತಪ್ಪಿದರೆ ಡೆಪಾಸಿಟ್ ವಾಪಸ್ ಕೊಡುತ್ತೀರಾ?’ ಅಂತ ನೇರವಾಗಿ ಕೇಳಿ. ಆಫೀಸಿನವರು ಒಬ್ಬರೇ ಹೌದು ಅಂದರೆ ಸಾಲದು. ಎರಡೂ ವಿಭಾಗದಿಂದ ಉತ್ತರ ಬರಬೇಕು. ಬರುವುದು ತಡವಾದರೆ ಗಡುವು ಮುಂದೂಡಿ ಅಂತ ಕೇಳಿ. ಅಷ್ಟರೊಳಗೆ ಬೇರೆ ಆಫರ್ ಬಿಟ್ಟುಕೊಡಬೇಡಿ.

ಆ ಭರವಸೆಯ ಇಮೇಲ್ ಲಗತ್ತಿಸಿ ನಾನು ಡೀನ್ ಕಚೇರಿಗೆ ದೂರು ಕೊಟ್ಟಿದ್ದೇನೆ. ದುಡ್ಡು ಇನ್ನೂ ಬಂದಿಲ್ಲ.